ಪರಾಗದ ಕಾಳು: ತಟ್ಟೆಗೆಷ್ಟು, ಗೂಡಿಗೆಷ್ಟು

ಮಲೆನಾಡಿನ ವನಗೂರು ಕಡೆಯ ತೋಟಗಳಲ್ಲಿ ಹೂ ಅರಳಿಸುವ ಹೂಮಳೆ ಬಿದ್ದು ವಾರ-ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಬೆಳ್ಳಗಾಗುತ್ತವೆ. ಆ ಹೂ ನಿಲ್ಲುವುದು ಎರಡು-ಮೂರು ದಿನವಷ್ಟೆ. ಆಗ ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲನ್ನು ಗಮನಿಸಿ: ಒಳಗೆ ಹೋಗುವ ಹುಳುಗಳ ಹಿಂಗಾಲಿನಲ್ಲಿ ಪುಟ್ಟ ಉಂಡೆಗಳು ಅಂಟಿಕೊಂಡಿರುತ್ತವೆ. ಹೂವಿನ ಪರಾಗವನ್ನು ಹುಳು ಮಕರಂದದಲ್ಲಿ ಒದ್ದೆ ಮಾಡಿ ಕಟ್ಟಿಕೊಂಡು ಬಂದದ್ದು ಅದು. ಅಂಗಡಿಯಲ್ಲಿ ‘ಬೀ ಪೋಲನ್’ ಎಂದು ಮಾರುವ ಹಳದಿ, ಕಿತ್ತಳೆ, ಕಂದು ಕಾಳುಗಳೂ ಇವೇ. ಹೂ ಬದಲಾದಂತೆ ಬಣ್ಣ, ರುಚಿ ಬದಲಾಗುತ್ತವೆ.

ತೆಗೆಯುವ ವಿಧಾನ ಸರಳ. ಪೆಟ್ಟಿಗೆಯ ಬಾಗಿಲಿಗೆ ಸಣ್ಣ ಕಿಂಡಿಗಳ ಜಾಲರಿ ಕಟ್ಟುತ್ತಾರೆ. ಹುಳು ನುಸುಳುವಾಗ ಕಾಲಿನ ಉಂಡೆ ಉದುರಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಹಸಿ ಕಾಳಿನಲ್ಲಿ ನೀರಿನಂಶ ಹೆಚ್ಚು, ಬೇಗ ಬೂಸಲು ಹಿಡಿಯುತ್ತದೆ. ಹಾಗಾಗಿ ಅದೇ ದಿನ ತೆಗೆದು, ಸುಮಾರು 40 ಡಿಗ್ರಿ ಸೆಲ್ಸಿಯಸ್ ಮೀರದ ಕಾವಿನಲ್ಲಿ ಒಣಗಿಸಬೇಕು.

ಮೊದಲು ಗೂಡಿನ ಪಾಲು ನೋಡೋಣ. ಜೇನುತುಪ್ಪ ಹುಳುಗಳಿಗೆ ಹಾರಾಡಲು, ದುಡಿಯಲು ಕಸುವು ಕೊಡುತ್ತದೆ. ಆದರೆ ಮರಿ ಬೆಳೆಯಲು ಬೇಕಾದ ಪ್ರೋಟೀನ್ ಬರುವುದು ಪರಾಗದಿಂದ. ಜಾಲರಿಯನ್ನು ಬಿಡದೆ ಕಟ್ಟಿಟ್ಟರೆ ಗೂಡಿನ ಮುಂದಿನ ಪೀಳಿಗೆಯೇ ಸೊರಗುತ್ತದೆ. ಮಲೆನಾಡಿನಲ್ಲಿ ಇದರ ಜೊತೆಗೆ ಮಳೆಗಾಲವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ಹುಳು ಹೊರಗೆ ಹೋಗುವುದೇ ಕಷ್ಟ, ಎರಿಯಲ್ಲಿ ಕೂಡಿಟ್ಟದ್ದೇ ಗತಿ. ಆಗಲೇ ಏಲಕ್ಕಿ ಹೂ ಬಿಡುವ ಕಾಲ; ಏಲಕ್ಕಿ ಕಾಯಿ ಕಟ್ಟಲು ಜೇನು ಬೇಕೇ ಬೇಕು. ಆದ್ದರಿಂದ ಹೂ ಸಮೃದ್ಧವಾಗಿರುವಾಗ, ಬಲವಾದ ಗೂಡಿನಿಂದ, ನಡುನಡುವೆ ಬಿಡುವು ಕೊಟ್ಟು ತೆಗೆದರೆ ಮಾತ್ರ ಸರಿ. ಮಳೆಗಾಲಕ್ಕೆ ಮುನ್ನ ಗೂಡು ತುಂಬಿರಲೇಬೇಕು.

ಇನ್ನು ಊಟದ ತಟ್ಟೆಯ ವಿಷಯ. ಪರಾಗದ ತೂಕದ ಸುಮಾರು ಐದನೇ ಒಂದು ಭಾಗ ಪ್ರೋಟೀನ್ ಎನ್ನುವುದು ನಿಜ, ಆದರೆ ಒಂದು ಟೀ ಚಮಚದಲ್ಲಿ ಸಿಗುವುದು ಒಂದು ಗ್ರಾಂ ಆಸುಪಾಸು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಇದೆ. ಸರ್ವರೋಗಕ್ಕೂ ಮದ್ದು ಎಂಬ ಮಾತಿಗೆ ಗಟ್ಟಿ ಪುರಾವೆ ಇಲ್ಲ. ಪೌಷ್ಟಿಕತೆಗಾಗಿ ದುಬಾರಿ ಬೆಲೆ ಕೊಡಬೇಡಿ ಎಂಬುದೇ ನನ್ನ ಅಭಿಪ್ರಾಯ. ರುಚಿಗಾಗಿ ಖಂಡಿತ ತಿನ್ನಬಹುದು: ಹೂವಿನ ಘಮ, ಸಣ್ಣ ಸಿಹಿ, ಕೊನೆಗೆ ನಾಲಿಗೆಗೆ ತುಸು ಕಹಿ. ಮೊಸರವಲಕ್ಕಿ, ಬಾಳೆಹಣ್ಣಿನ ರಸಾಯನ, ಬೆಣ್ಣೆ ಸವರಿದ ಅಕ್ಕಿ ರೊಟ್ಟಿಯ ಮೇಲೆ ಉದುರಿಸಿದರೆ ಚೆನ್ನ. ಕುದಿಯುವುದಕ್ಕೆ ಹಾಕಬೇಡಿ, ಘಮ ಹೋಗುತ್ತದೆ. ಪರಾಗದ ಕಣಕ್ಕೆ ಗಟ್ಟಿ ಹೊರಕವಚವಿದೆ. ಅರೆದು ಅಥವಾ ಮೊಸರಿನಲ್ಲಿ ಕೆಲವು ಗಂಟೆ ನೆನೆಸಿ ತಿಂದರೆ ಹೆಚ್ಚು ಅರಗುತ್ತದೆ.

ಮೊದಲ ಸಲ ಎರಡು-ಮೂರು ಕಾಳು ಸಾಕು. ತುಟಿ ಊದುವುದು, ಗಂಟಲು ಕೆರೆಯುವುದು, ಮೈ ತುರಿಸುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಪರೂಪಕ್ಕಾದರೂ ಜೀವಕ್ಕೆ ಕುತ್ತು ತರುವಷ್ಟು ಅಲರ್ಜಿ ಆದದ್ದುಂಟು. ಪರಾಗದ ಅಲರ್ಜಿ ಅಥವಾ ಅಸ್ತಮಾ ಇರುವವರಿಗೆ, ಬಸುರಿಯರಿಗೆ, ಎಳೆಮಕ್ಕಳಿಗೆ ಇದು ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಕೊಳ್ಳುವಾಗ ಜೇನು ಸಾಕಿದವರನ್ನೇ ಕೇಳಿ: ಯಾವ ತಿಂಗಳು ತೆಗೆದದ್ದು, ಸುತ್ತಲಿನ ತೋಟಕ್ಕೆ ಆಗ ಔಷಧಿ ಹೊಡೆದಿದ್ದರೇ? ಸಿಂಪಡಿಸಿದ ವಿಷ ಪರಾಗದಲ್ಲೂ ಉಳಿಯುತ್ತದೆ. ಉತ್ತರ ಸಿಗದಿದ್ದರೆ ಆ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ.