ನಮ್ಮ ಸೀಮೆಯ ಚಲನಚಿತ್ರಗಳೂ ನಮ್ಮ ಹೊಣೆಯೂ

ಬೆಳೆ ಚೆನ್ನಾಗಿ ಬಂದರೆ ಸಾಲದು, ಅದಕ್ಕೆ ಸಕಾಲದಲ್ಲಿ ಕೊಳ್ಳುವವರು ಸಿಗಬೇಕು ಎಂಬ ಮಾತನ್ನು ಅಡಿಕೆ, ಕಾಫಿ ಬೆಳೆಗಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕಾಫಿ ಮಂಡಳಿಯ ಪೂಲ್ ಪದ್ಧತಿ 1990ರ ದಶಕದಲ್ಲಿ ಕೊನೆಗೊಂಡ ಮೇಲೆ ಕಾಫಿ ಬೆಳೆಗಾರರೂ ತಮ್ಮ ಮಾಲಿಗೆ ತಾವೇ ಗಿರಾಕಿ ಹುಡುಕುವುದನ್ನು ಕಲಿಯಬೇಕಾಯಿತು.

ಇದೇ ಕಷ್ಟದಲ್ಲಿರುವ ಇನ್ನೊಂದು ವರ್ಗದವರು ನಮ್ಮ ನಡುವೆಯೇ ಇದ್ದಾರೆ. ದೊಡ್ಡ ಬಂಡವಾಳವಿಲ್ಲದೆ, ಹೆಸರಾಂತ ತಾರೆಯರಿಲ್ಲದೆ, ನಮ್ಮ ಊರುಕೇರಿಗಳ ಬದುಕನ್ನೇ ಚಿತ್ರವಾಗಿಸುವ ಯುವ ನಿರ್ದೇಶಕರು ಅವರು. ಅವರ ಚಿತ್ರಗಳು ಬೂಸಾನ್, ಬರ್ಲಿನ್‌ಗಳಲ್ಲಿ ತೆರೆಕಾಣುತ್ತವೆ, ನಮ್ಮ ತಾಲ್ಲೂಕು ಕೇಂದ್ರದ ಚಿತ್ರಮಂದಿರಕ್ಕೆ ಬರುವುದು ಮಾತ್ರ ಅಪರೂಪ. ಬಂದರೂ ಸೋಮವಾರ ಬೆಳಗಾಗುವುದರೊಳಗೆ ಪೋಸ್ಟರು ಬದಲಾಗಿರುತ್ತದೆ. ಇದರಲ್ಲಿ ಅವರದೆಷ್ಟು ಪಾಲು, ನಮ್ಮದೆಷ್ಟು ಪಾಲು ಎಂಬುದನ್ನು ಸಹಕಾರಿ ಬಂಧುಗಳು ವಿಚಾರ ಮಾಡಬೇಕಾಗಿದೆ.

ಮಲೆನಾಡಿನ ನಂಟು

ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳೆಂದು ಕರೆಸಿಕೊಂಡವು ಬಹುಮಟ್ಟಿಗೆ ನಮ್ಮ ತೋಟಗಳ ಸೀಮೆಯಲ್ಲೇ ಹುಟ್ಟಿದವು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಚಿತ್ರವಾಗಿಸಿದಾಗ ಚಿತ್ರೀಕರಣ ನಡೆದದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಸೆನ್ಸಾರಿನ ಅಡ್ಡಿಯನ್ನು ದಾಟಿ ಬಂದ ಆ ಚಿತ್ರವೇ ಕನ್ನಡಕ್ಕೆ ಮೊದಲ ಸ್ವರ್ಣಕಮಲವನ್ನು ತಂದಿತು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ್ ಕಾಸರವಳ್ಳಿಯವರು ತಮ್ಮ ಮೊದಲ ಕಥಾಚಿತ್ರ ‘ಘಟಶ್ರಾದ್ಧ’ಕ್ಕೇ (1977) ಸ್ವರ್ಣಕಮಲ ಪಡೆದರು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಸಾಗರದ ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿ ಕಾಸರವಳ್ಳಿಯವರೇ ತೆಗೆದ ‘ದ್ವೀಪ’ (2002) ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮನೆ, ಬಿಟ್ಟುಹೋಗಬೇಕಾದ ನೆಲದ ಕಥೆ. ಶರಾವತಿಯ ಹಿನ್ನೀರಿನಲ್ಲಿ ಜಮೀನು ಕಳೆದುಕೊಂಡ ಕುಟುಂಬಗಳಿಗೆ ಆ ಕಥೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಪರಂಪರೆ ಇನ್ನೂ ಬತ್ತಿಲ್ಲ. ಉತ್ತರ ಕನ್ನಡದ ಯುವ ನಿರ್ದೇಶಕ ನಟೇಶ್ ಹೆಗಡೆಯವರ ಮೊದಲ ಚಿತ್ರ ‘ಪೆದ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. ಹಳ್ಳಿಯೊಂದರಲ್ಲಿ ವಿದ್ಯುತ್ ಕೆಲಸ ಮಾಡಿಕೊಂಡಿರುವವನ ಆ ಕಥೆಯಲ್ಲಿ ಮುಖ್ಯ ಪಾತ್ರ ವಹಿಸಿದವರು ನಿರ್ದೇಶಕರ ತಂದೆಯವರೇ. ಅವರ ಎರಡನೆಯ ಚಿತ್ರ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ಮುಟ್ಟಿತು. ನಮ್ಮ ಅಂಗಳದ ಮಾತು, ನಮ್ಮ ಮಳೆ, ನಮ್ಮಲ್ಲಿನ ಮೇಲುಕೀಳು ಪರದೇಶದ ಪ್ರೇಕ್ಷಕರಿಗೆ ಅರ್ಥವಾಗುತ್ತದೆಂದ ಮೇಲೆ ನಮಗೇಕೆ ರುಚಿಸಬಾರದು?

ಹೆಗ್ಗೋಡಿನ ಪಾಠ

‘ಇಂಥ ಚಿತ್ರಗಳು ಹಳ್ಳಿಯವರಿಗೆ ಹಿಡಿಸುವುದಿಲ್ಲ’ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಇದಕ್ಕೆ ಉತ್ತರ ದೊರೆತು ಐವತ್ತು ವರ್ಷಗಳಾದವು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘವು, ಅಂದರೆ ನೀನಾಸಂ, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಕ್ಯಾಂಪ್ಕೊ ಹುಟ್ಟಿದ್ದೂ ಅದೇ ವರ್ಷ ಎಂಬುದು ಕಾಕತಾಳೀಯವಾದರೂ ನೆನೆಯತಕ್ಕದ್ದು. ಅದರ ಹಿಂದಿದ್ದ ಕೆ. ವಿ. ಸುಬ್ಬಣ್ಣನವರು ಸ್ವತಃ ಅಡಿಕೆ ಬೆಳೆಗಾರರು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಮೊದಲಾದವರ ಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದವರು ಹೆಗ್ಗೋಡಿನಲ್ಲಿ ಕುಳಿತು ನೋಡಿದರು. ಮೊದಲು ಕನ್ನಡದಲ್ಲಿ ಪರಿಚಯದ ಮಾತು, ಬಳಿಕ ಚಿತ್ರ, ಆಮೇಲೆ ಚರ್ಚೆ ಎಂಬುದು ಕ್ರಮ. ಪುಣೆಯ ಚಲನಚಿತ್ರ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹಾದುರ್ ಅವರು ಬಂದು ರಸಗ್ರಹಣ ಶಿಬಿರ ನಡೆಸಿಕೊಟ್ಟರು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಲ್ಲಿ ಗಮನಿಸಬೇಕಾದದ್ದು ಪ್ರಶಸ್ತಿಯನ್ನಲ್ಲ. ರುಚಿ ಎಂಬುದು ಹುಟ್ಟಿನಿಂದ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಒಳ್ಳೆಯ ಕಾಫಿಯ ಸ್ವಾದ ಹೇಳಬಲ್ಲವನು ನೂರಾರು ಬಟ್ಟಲು ಕುಡಿದೇ ನಾಲಗೆ ಪಳಗಿಸಿಕೊಂಡಿರುತ್ತಾನೆ. ಅಡಿಕೆಯನ್ನು ಕೈಯಲ್ಲಿ ಹಿಡಿದೇ ರಾಶಿಯೋ ಬೆಟ್ಟೆಯೋ ಎಂದು ಹೇಳುವವನು ಸಣ್ಣ ವಯಸ್ಸಿನಿಂದ ಕಣದಲ್ಲಿ ಓಡಾಡಿರುತ್ತಾನೆ. ಚಲನಚಿತ್ರದ ಮಾತೂ ಅಷ್ಟೇ. ನಾಲ್ಕು ಚಿತ್ರಗಳನ್ನು ಒಟ್ಟಿಗೆ ಕುಳಿತು ನೋಡಿ ಮಾತಾಡಿದ ಊರಿನಲ್ಲಿ ಐದನೆಯದಕ್ಕೆ ಪ್ರೇಕ್ಷಕರು ತಯಾರಾಗಿರುತ್ತಾರೆ.

ಎರಡು ರೂಪಾಯಿಯ ನಿರ್ಮಾಪಕರು

ಸಹಕಾರಿಗಳಾದ ನಮಗೆ ಇನ್ನೂ ಹತ್ತಿರವಾದ ದೃಷ್ಟಾಂತ ಗುಜರಾತಿನದು. ಶ್ಯಾಮ್ ಬೆನೆಗಲ್ಲರ ‘ಮಂಥನ್’ (1976) ಚಿತ್ರಕ್ಕೆ ಬಂಡವಾಳ ಹಾಕಿದವರು ಗುಜರಾತ್ ಸಹಕಾರಿ ಹಾಲು ಮಾರಾಟ ಮಹಾಮಂಡಲದ 5 ಲಕ್ಷ ಹಾಲು ಉತ್ಪಾದಕರು. ತಲೆಗೆ 2 ರೂಪಾಯಿಯಂತೆ ಕೂಡಿದ್ದು 10 ಲಕ್ಷ ರೂಪಾಯಿ. ಹಾಲಿನ ಸಂಘ ಕಟ್ಟುವಾಗ ಊರಿನೊಳಗೆ ಏಳುವ ಜಾತಿಯ ಜಗಳ, ಬಲಿಷ್ಠರ ಕಿರುಕುಳ ಇವೇ ಅದರ ವಸ್ತು. ನಮ್ಮವರಾದ ಗಿರೀಶ್ ಕಾರ್ನಾಡ್ ಮತ್ತು ಅನಂತ್ ನಾಗ್ ಅದರಲ್ಲಿ ನಟಿಸಿದ್ದಾರೆ. ಹಣ ಹಾಕಿದವರೇ ಲಾರಿಗಳಲ್ಲಿ ಪಟ್ಟಣಕ್ಕೆ ಬಂದು ತಮ್ಮ ಚಿತ್ರವನ್ನು ನೋಡಿದರು. ಎಂದರೆ ನಿರ್ಮಾಪಕರೂ ಅವರೇ, ಪ್ರೇಕ್ಷಕರೂ ಅವರೇ. 2024ರಲ್ಲಿ ಈ ಚಿತ್ರವೂ ಪುನರುಜ್ಜೀವನಗೊಂಡು ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ನೆರೆಯ ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಸಂಗಡಿಗರು 1984ರಲ್ಲಿ ಒಡೆಸ್ಸಾ ಎಂಬ ಕೂಟ ಕಟ್ಟಿ, ಊರೂರಿನಲ್ಲಿ ಚಿತ್ರ ತೋರಿಸಿ ಜನರಿಂದ ಚಿಲ್ಲರೆ ಹಣ ಎತ್ತಿ ‘ಅಮ್ಮ ಅರಿಯಾನ್’ (1986) ತಯಾರಿಸಿದರು. ಮುಗಿದ ಚಿತ್ರವನ್ನು ಮತ್ತೆ ಊರೂರಿಗೇ ಒಯ್ದರು. ಕನ್ನಡದಲ್ಲಿ ಪವನ್ ಕುಮಾರ್ ಅವರ ‘ಲೂಸಿಯಾ’ಕ್ಕೆ (2013) ನೂರಕ್ಕೂ ಹೆಚ್ಚು ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಶಶಾಂಕ್ ಸೋಗಾಲ್ ಅವರು ‘ಡೇರ್‌ಡೆವಿಲ್ ಮುಸ್ತಫಾ’ ಆಗಿ 2023ರಲ್ಲಿ ತೆರೆಗೆ ತಂದಾಗ, ಹಣ ಹೂಡಿದವರು ತೇಜಸ್ವಿಯವರ ಓದುಗರೇ ಆದ ನೂರರಷ್ಟು ಮಂದಿ. ಒಬ್ಬ ಲೇಖಕನ ಮೇಲಿನ ಪ್ರೀತಿ ಒಂದು ಚಿತ್ರದ ಬಂಡವಾಳವಾಯಿತು.

ತೊಡಕು ಎಲ್ಲಿದೆ?

ಕ್ಯಾಮೆರಾ ಅಗ್ಗವಾದ ಈ ಕಾಲದಲ್ಲಿ ಚಿತ್ರ ತೆಗೆಯುವುದು ಮೊದಲಿನಷ್ಟು ದುಬಾರಿಯಲ್ಲ. ನಿಜವಾದ ತೊಡಕು ಚಿತ್ರ ತಯಾರಾದ ಮೇಲೆ. ಪ್ರಚಾರಕ್ಕೆ ಹಣ ಬೇಕು. ಕ್ಯೂಬ್, ಯುಎಫ್‌ಒ ಮುಂತಾದ ಡಿಜಿಟಲ್ ಪ್ರದರ್ಶನದ ಶುಲ್ಕ ಕೊಡಬೇಕು. ಕೆಲವು ಚಿತ್ರಮಂದಿರಗಳಿಗೆ ವಾರದ ಬಾಡಿಗೆಯನ್ನು ಮುಂಚಿತವಾಗಿ ಕಟ್ಟಬೇಕು. ಇಷ್ಟಾದರೂ ಚಿತ್ರದ ಆಯುಷ್ಯ ತೀರ್ಮಾನವಾಗುವುದು ಶುಕ್ರವಾರದಿಂದ ಭಾನುವಾರದವರೆಗಿನ ಗಳಿಕೆಯಲ್ಲಿ. ‘ಚೆನ್ನಾಗಿದೆಯಂತೆ, ಮುಂದಿನ ವಾರ ಹೋಗೋಣ’ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಚಿತ್ರ ಎತ್ತಂಗಡಿಯಾಗಿರುತ್ತದೆ. ಕೊಯ್ದ ಹಣ್ಣನ್ನು ಆ ದಿನವೇ ಪಲ್ಪರಿಗೆ ಹಾಕದಿದ್ದರೆ ಏನಾಗುತ್ತದೆಂದು ಬಲ್ಲ ಕಾಫಿ ಬೆಳೆಗಾರರಿಗೆ ಈ ಆತುರ ಅರ್ಥವಾದೀತು.

ಒಟಿಟಿ ಎಂದು ಕರೆಯುವ, ಮನೆಯಲ್ಲೇ ಚಿತ್ರ ನೋಡುವ ವ್ಯವಸ್ಥೆ ಬಂದಾಗ ಸಣ್ಣ ಚಿತ್ರಗಳಿಗೆ ದಾರಿ ತೆರೆಯಿತೆಂದು ಎಲ್ಲರೂ ಹಿಗ್ಗಿದರು. ಆದರೆ ಅಲ್ಲಿಯೂ ಕೊಳ್ಳುವವರು ಕೆಲವೇ ದೊಡ್ಡ ಕಂಪನಿಗಳು. ಕರಾವಳಿಯ ಕಥೆಗಳ ‘ಏಕಂ’ ಮಾಲಿಕೆಗೆ ಕೊಳ್ಳುವ ಕಂಪನಿ ಸಿಗದೆ ಹೋದಾಗ, 2024ರಲ್ಲಿ ತಯಾರಕರು ತಮ್ಮದೇ ತಾಣವನ್ನು ತೆರೆದು ಹಣ ಕೊಟ್ಟು ನೋಡುವಂತೆ ಮಾಡಿದರು. ಒಳ್ಳೆಯ ಧಾರಣೆ ಸಿಗದೆ, ಕಾಫಿಯನ್ನು ಮನೆಯಲ್ಲೇ ಹುರಿದು ಪುಡಿಮಾಡಿ ನೇರವಾಗಿ ಮಾರುವ ಬೆಳೆಗಾರನ ಧೈರ್ಯವೇ ಇದು.

ನಾವು ಮಾಡಬಹುದಾದದ್ದು

1. ಹುಡುಕುವುದು: ಒಳ್ಳೆಯ ಚಿತ್ರದ ಸುದ್ದಿ ದೊಡ್ಡ ಜಾಹೀರಾತಿನಲ್ಲಿ ಬರುವುದಿಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಕನ್ನಡ ಸ್ಪರ್ಧಾ ವಿಭಾಗ, ಗೋವಾ ಉತ್ಸವದ ಇಂಡಿಯನ್ ಪನೋರಮಾ, ರಾಷ್ಟ್ರ ಹಾಗೂ ರಾಜ್ಯ ಪ್ರಶಸ್ತಿಗಳ ಪಟ್ಟಿ ಇವನ್ನು ವರ್ಷಕ್ಕೊಮ್ಮೆ ಓದಿ ಹೆಸರುಗಳನ್ನು ಗುರುತು ಹಾಕಿಕೊಳ್ಳಬೇಕು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಊರ ಜನರನ್ನೇ ನಟರನ್ನಾಗಿಸಿ ರಾಮ್ ರೆಡ್ಡಿಯವರು ತೆಗೆದ ‘ತಿಥಿ’ಯ ಸುದ್ದಿಯೂ ಮೊದಲು ಬಂದದ್ದು 2015ರ ಲೊಕಾರ್ನೊ ಉತ್ಸವದ ಪ್ರಶಸ್ತಿಗಳಿಂದಲೇ.

2. ಮೊದಲ ವಾರದಲ್ಲಿ ನೋಡುವುದು: ಹತ್ತು ಹದಿನೈದು ಮನೆಯವರು ಕೂಡಿ ಒಂದೇ ದಿನ ಟಿಕೆಟು ಕೊಂಡರೆ ಆ ಪ್ರದರ್ಶನ ಉಳಿಯುವ ಸಂಭವ ಹೆಚ್ಚು. ಚಿತ್ರಮಂದಿರದ ವ್ಯವಸ್ಥಾಪಕರನ್ನು ಮೊದಲೇ ಕಂಡು, ಇಷ್ಟು ಮಂದಿ ಬರುತ್ತೇವೆಂದು ತಿಳಿಸಿದರೆ ಚಿತ್ರ ತರಿಸಲು ಅವರಿಗೂ ಧೈರ್ಯ ಬರುತ್ತದೆ.

3. ಸಭಾಭವನದಲ್ಲಿ ತೋರಿಸುವುದು: ಬೆಳೆಗಾರರ ಸಂಘಗಳ ಸಭಾಭವನಗಳು ವರ್ಷದ ಬಹುಪಾಲು ದಿನ ಖಾಲಿ ಇರುತ್ತವೆ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಮುಗಿದು ಮಕ್ಕಳ ಪರೀಕ್ಷೆಯೂ ಮುಗಿದಿರುವ ಏಪ್ರಿಲ್, ಮೇ ತಿಂಗಳುಗಳು ಇದಕ್ಕೆ ಅನುಕೂಲ. ತಗಡಿನ ಮಾಡಿನ ಕಟ್ಟಡವಾದರೆ ಮಳೆಗಾಲದಲ್ಲಿ ಒಂದು ಮಾತೂ ಕೇಳಿಸದು. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆದುದರಿಂದ ಧ್ವನಿಯ ವ್ಯವಸ್ಥೆಗೆ ಮೊದಲ ಗಮನ ಕೊಡಬೇಕು. ಬರಿಯ ಗೋಡೆಗೆ ಜಮಖಾನವನ್ನೋ ಗೋಣಿತಟ್ಟನ್ನೋ ತೂಗುಬಿಟ್ಟರೆ ಪ್ರತಿಧ್ವನಿ ತಗ್ಗುತ್ತದೆ. ವಿದ್ಯುತ್ ಕೈಕೊಟ್ಟರೆ ಜನರೇಟರು ಸಿದ್ಧವಿರಬೇಕು. ಸಾರ್ವಜನಿಕ ಪ್ರದರ್ಶನಕ್ಕೆ ಚಿತ್ರದ ಹಕ್ಕುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯತಕ್ಕದ್ದು. ಮನೆಯ ಒಟಿಟಿ ಚಂದಾ ಸಭಾಭವನದ ಪ್ರದರ್ಶನಕ್ಕೆ ಸಲ್ಲದು. ನಿರ್ದೇಶಕರನ್ನೇ ಕರೆಸಿದರೆ ಪ್ರಯಾಣದ ವೆಚ್ಚದ ಜೊತೆಗೆ ಗೌರವಧನವನ್ನೂ ಕೊಡಬೇಕು. ಶಾಲು, ಹಾರದಿಂದ ಸಾಲ ತೀರುವುದಿಲ್ಲ.

4. ಚಿತ್ರೀಕರಣಕ್ಕೆ ನೆರವಾಗುವುದು: ಮನೆ, ಅಂಗಳ, ತೋಟವನ್ನು ಬಿಟ್ಟುಕೊಡುವುದು, ಊಟ ವಸತಿಗೆ ಅನುಕೂಲ ಮಾಡುವುದು ಇವೂ ಬಂಡವಾಳವೇ. ಕೊನೆಗೌಡ ಮರದಿಂದ ಮರಕ್ಕೆ ಹೇಗೆ ಸಾಗುತ್ತಾನೆ, ಬೋರ್ಡೊ ದ್ರಾವಣ ಯಾವಾಗ ಹೊಡೆಯುತ್ತಾರೆ ಎಂಬಂಥ ವಿವರ ತಪ್ಪದಂತೆ ನೋಡಿಕೊಳ್ಳುವುದೂ ದೊಡ್ಡ ಸಹಾಯ. ಕೊಯ್ಲಿನ ದಿನಗಳನ್ನು ಬಿಟ್ಟು ಬೇರೆ ಸಮಯ ಗೊತ್ತುಮಾಡಿಕೊಳ್ಳುವಂತೆ ಮೊದಲೇ ಹೇಳಬೇಕು. ನಮ್ಮ ಕೆಲಸಗಾರರನ್ನು ಚಿತ್ರದಲ್ಲಿ ನಿಲ್ಲಿಸುವುದಾದರೆ ಅವರ ಒಪ್ಪಿಗೆ ಕೇಳಿ, ಆ ದಿನದ ಕೂಲಿ ಅವರ ಕೈಸೇರುವಂತೆ ನೋಡಿಕೊಳ್ಳಬೇಕು.

5. ಕದ್ದ ಪ್ರತಿ ನೋಡದಿರುವುದು: ಬಿಡುಗಡೆಯಾದ ಮರುದಿನವೇ ಮೊಬೈಲಿಗೆ ಬರುವ ಪ್ರತಿಯನ್ನು ನೋಡುವುದು, ಒಣಗಲು ಹರಡಿದ ಅಡಿಕೆಯನ್ನು ಇನ್ನೊಬ್ಬರ ಅಂಗಳದಿಂದ ತುಂಬಿಕೊಂಡು ಹೋದಂತೆಯೇ ಸರಿ.

ಎರಡು ಎಚ್ಚರಿಕೆಯ ಮಾತು

ಚಿತ್ರಕ್ಕೆ ಹಣ ಹಾಕುವ ವಿಷಯದಲ್ಲಿ ವಿವೇಕ ಇರಲಿ. ಇಷ್ಟು ಲಾಭ ಖಂಡಿತ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ನಿಲ್ಲಿಸುವುದು ಲೇಸು. ಹೋದರೂ ಸಂಸಾರಕ್ಕೆ ತಾಪತ್ರಯವಾಗದಷ್ಟನ್ನು ಮಾತ್ರ, ಕರಾರು ಓದಿ ಸಹಿ ಹಾಕಿ, ರಸೀದಿ ಪಡೆದು ಕೊಡಬೇಕು. ಸಂಘದ ಹಣ ಠೇವಣಿದಾರರದು. ಬೈಲಾ ಒಪ್ಪದ, ಸರ್ವಸದಸ್ಯರ ಸಭೆ ಮಂಜೂರು ಮಾಡದ ಬಾಬಿಗೆ ಅದನ್ನು ಮುಟ್ಟುವಂತಿಲ್ಲ. ‘ಮಂಥನ್’ ಚಿತ್ರದ ಹಿರಿಮೆ ಇರುವುದೂ ಇಲ್ಲಿಯೇ. ಯಾರ ಮೇಲೂ ದೊಡ್ಡ ಹೊರೆ ಬೀಳಲಿಲ್ಲ, ಎರಡೆರಡು ರೂಪಾಯಿಯೇ ಸಾಕಾಯಿತು.

ಎರಡನೆಯದು, ಬೆಂಬಲವೆಂದರೆ ಹೊಗಳಿಕೆಯಲ್ಲ. ನಮ್ಮೂರ ಹುಡುಗ ತೆಗೆದದ್ದೆಂಬ ಕಾರಣಕ್ಕೆ ಸಪ್ಪೆ ಚಿತ್ರವನ್ನು ಮೆಚ್ಚಿದಂತೆ ನಟಿಸಿದರೆ ಅವನಿಗೂ ಕೆಡುಕು, ನಮಗೂ ಕೆಡುಕು. ಹಾಗೆಯೇ ಚಿತ್ರವು ನಮ್ಮ ಮನೆಯ ಹುಳುಕನ್ನು ತೋರಿಸಿತೆಂದು ಸಿಟ್ಟಾಗುವುದೂ ತರವಲ್ಲ. ‘ಸಂಸ್ಕಾರ’, ‘ಘಟಶ್ರಾದ್ಧ’ಗಳು ತೋರಿಸಿದ್ದು ನಮ್ಮ ಹಿರಿಯರು ನೋಡಲು ಇಷ್ಟಪಡದಿದ್ದ ಸಂಗತಿಗಳನ್ನೇ. ಅವು ಇಂದಿಗೂ ಉಳಿದಿರುವುದು ಆ ಕಾರಣದಿಂದಲೇ.

ಕೊನೆಯದಾಗಿ ಒಂದು ಸಲಹೆ. ವಾರ್ಷಿಕ ಸರ್ವಸದಸ್ಯರ ಸಭೆಗೆ ದೂರದ ಊರುಗಳಿಂದ ಸದಸ್ಯರು ಹೇಗೂ ಬರುತ್ತಾರೆ. ಹಿಂದಿನ ದಿನ ಸಂಜೆ ನಮ್ಮ ಸೀಮೆಯ ಒಂದು ಚಿತ್ರವನ್ನು ಸಂಸಾರ ಸಮೇತ, ಟಿಕೆಟು ಕೊಟ್ಟು, ಒಟ್ಟಿಗೆ ನೋಡುವ ಏರ್ಪಾಡನ್ನು ಮಾಡಬಹುದಲ್ಲವೇ? ಗಂಡಸರೇ ತುಂಬಿರುವ ನಮ್ಮ ಸಭೆಗಳಿಗೆ ಹೆಂಗಸರೂ ಮಕ್ಕಳೂ ಬರಲು ಅದೊಂದು ನೆಪವೂ ಆದೀತು. ಒಪ್ಪುವ ಸದಸ್ಯರು ತಾವು ನೋಡಬಯಸುವ ಚಿತ್ರದ ಹೆಸರನ್ನೂ, ಮನೆಯಿಂದ ಬರುವವರ ಸಂಖ್ಯೆಯನ್ನೂ ಶಾಖಾ ಕಚೇರಿಯಲ್ಲಿ ಬರೆಸಿಡಲಿ. ಎಷ್ಟು ಹೆಸರು ಸೇರಿದವೆಂದು ತಿಳಿದರೆ ಆಡಳಿತ ಮಂಡಳಿಯ ಮುಂದೆ ವಿಷಯವನ್ನು ಇಡಲು ದಾರಿಯಾಗುತ್ತದೆ.