ಜಂಟಿ ಹೆಸರಿನ ಮನೆ: ಯಾರ ಪಾಲು ಎಷ್ಟು?

ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಯಲ್ಲಿ ತೊಡಗಿರುವ ಕುಟುಂಬಗಳಲ್ಲಿ ವಾಸದ ಮನೆಯನ್ನು ಪತಿ-ಪತ್ನಿಯರ ಜಂಟಿ ಹೆಸರಿನಲ್ಲಿ ಕೊಳ್ಳುವುದು ಈಗ ಸಾಮಾನ್ಯವಾಗಿದೆ. ಆದರೆ ಕ್ರಯಪತ್ರ ನೋಂದಣಿಯಾಗಿ ಬ್ಯಾಂಕಿನ ಕಪಾಟು ಸೇರಿದ ಮೇಲೆ ಅದನ್ನು ಮತ್ತೆ ಓದುವವರು ವಿರಳ. ‘ಇಬ್ಬರ ಹೆಸರೂ ಇದೆ, ಒಬ್ಬರ ನಂತರ ಮನೆ ಇನ್ನೊಬ್ಬರಿಗೆ ತಾನಾಗಿಯೇ ಸೇರುತ್ತದೆ’ ಎಂಬ ನಂಬಿಕೆ ಬಹುತೇಕ ದಂಪತಿಗಳಲ್ಲಿದೆ. ಕಾನೂನು ಹಾಗೆ ಹೇಳುವುದಿಲ್ಲ.

ತಪ್ಪು ತಿಳಿವಳಿಕೆಯ ಮೂಲ

ಬ್ಯಾಂಕಿನ ಜಂಟಿ ಖಾತೆಯಲ್ಲಿ ‘ಇಬ್ಬರಲ್ಲೊಬ್ಬರು ಅಥವಾ ಉಳಿದವರು’ ಎಂಬ ಷರತ್ತಿದ್ದರೆ ಒಬ್ಬರು ತೀರಿಕೊಂಡಾಗ ಬ್ಯಾಂಕು ಹಣವನ್ನು ಉಳಿದವರಿಗೆ ಪಾವತಿಸುತ್ತದೆ. ಮನೆಗೂ ಇದೇ ನಿಯಮವೆಂದು ಜನರು ಭಾವಿಸುತ್ತಾರೆ. ಇಂಗ್ಲೆಂಡಿನಲ್ಲಿ ಉಳಿದವರಿಗೆ ಪೂರ್ತಿ ಸೇರುವ ಜಂಟಿ ಒಡೆತನ ಬಳಕೆಯಲ್ಲಿದೆ. ಭಾರತದಲ್ಲಿ ಸ್ಥಿತಿ ಬೇರೆ. ಹಿಂದೂಗಳಲ್ಲಿ ಇಬ್ಬರಿಗೆ ಒಟ್ಟಾಗಿ ಆಸ್ತಿ ಬಂದಾಗ, ಪತ್ರದಲ್ಲಿ ಬೇರೆ ಉದ್ದೇಶ ಸ್ಪಷ್ಟವಾಗಿರದಿದ್ದರೆ, ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಲು ಇರುತ್ತದೆ ಎಂಬ ತತ್ತ್ವವನ್ನು ಪ್ರಿವಿ ಕೌನ್ಸಿಲ್ 1896ರಲ್ಲೇ ಸ್ಥಾಪಿಸಿತು. ಆದ್ದರಿಂದ ಒಬ್ಬರು ತೀರಿಕೊಂಡರೆ ಅವರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ.

ಆ ಪಾಲು ಎಷ್ಟು? ಸ್ವತ್ತು ವರ್ಗಾವಣೆ ಕಾಯಿದೆ, 1882ರ 45ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಕ್ರಯದ ಹಣಕ್ಕೆ ಯಾರು ಎಷ್ಟು ಕೊಟ್ಟರೋ ಅದೇ ಪ್ರಮಾಣದಲ್ಲಿ ಪಾಲು. ಅದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು ಎಂದು ಭಾವಿಸಲಾಗುತ್ತದೆ.

ಒಂದು ಉದಾಹರಣೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಬಿಡಿಭಾಗ ತಯಾರಿಸುವ ಉದ್ಯಮಿಯೊಬ್ಬರು ಪತ್ನಿಯೊಡನೆ 60 ಲಕ್ಷ ರೂಪಾಯಿಗೆ ಮನೆ ಕೊಂಡಿದ್ದಾರೆಂದು ಭಾವಿಸೋಣ. ಪತಿ 45 ಲಕ್ಷ, ಪತ್ನಿ ತನ್ನ ಸ್ವಂತ ಹಣದಿಂದ 15 ಲಕ್ಷ ಕೊಟ್ಟಿದ್ದಾರೆ. ಕ್ರಯಪತ್ರದಲ್ಲಿ ಪಾಲಿನ ಮಾತೇ ಇಲ್ಲ. ಹಾಗಾದರೆ ಪತಿಯ ಪಾಲು ನಾಲ್ಕರಲ್ಲಿ ಮೂರು, ಪತ್ನಿಯದು ನಾಲ್ಕರಲ್ಲಿ ಒಂದು.

ಉದ್ಯಮಿಯು ಉಯಿಲು ಬರೆಯದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯಿದೆ, 1956ರಂತೆ ತಾಯಿ, ಪತ್ನಿ ಮತ್ತು ಇಬ್ಬರು ಮಕ್ಕಳು ಅವರ ಪಾಲನ್ನು ಸಮನಾಗಿ ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬರಿಗೆ ಇಡೀ ಮನೆಯ ಹದಿನಾರರಲ್ಲಿ ಮೂರು ಭಾಗ. ಪತ್ನಿಯ ಬಳಿ ಒಟ್ಟು ಉಳಿಯುವುದು ಹದಿನಾರರಲ್ಲಿ ಏಳು, ಅಂದರೆ ಅರ್ಧಕ್ಕಿಂತ ಕಡಿಮೆ. ಮುಂದೆ ಅತ್ತೆಯವರೂ ಉಯಿಲಿಲ್ಲದೆ ತೀರಿಕೊಂಡರೆ ಅವರ ಭಾಗದಲ್ಲಿ ಮೈದುನ, ನಾದಿನಿಯರಿಗೂ ಹಕ್ಕು ಬರುತ್ತದೆ.

ತೊಡಕು ಇಷ್ಟಕ್ಕೇ ನಿಲ್ಲುವುದಿಲ್ಲ. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ಮಾರಲು ಅಥವಾ ಅಡವಿಡಲು ತಾಯಿಗೂ ನ್ಯಾಯಾಲಯದ ಪೂರ್ವಾನುಮತಿ ಬೇಕು. ಕಾರ್ಖಾನೆಯನ್ನು ನಡೆಸಿಕೊಂಡು ಹೋಗಲು ಬ್ಯಾಂಕಿನಿಂದ ದುಡಿಯುವ ಬಂಡವಾಳ ಬೇಕಾದ ಹೊತ್ತಿಗೆ ಭದ್ರತೆಗೆ ಕೊಡಬೇಕಾದ ಮನೆಯೇ ಕಟ್ಟಿಹಾಕಲ್ಪಟ್ಟಿರುತ್ತದೆ. ಇತರ ಧರ್ಮೀಯರಿಗೆ ವಾರಸಿಕೆಯ ನಿಯಮಗಳು ಬೇರೆಯಾಗಿರುವುದರಿಂದ ಅವರು ತಮಗೆ ಅನ್ವಯಿಸುವ ಕಾನೂನನ್ನು ತಿಳಿಯಬೇಕು.

ಪರಿಶೀಲಿಸುವುದು ಹೇಗೆ?

ಮೊದಲು ಕ್ರಯಪತ್ರದ ಪ್ರತಿಯನ್ನು ಓದಬೇಕು. ಕೊಳ್ಳುವವರ ಹೆಸರುಗಳ ಜೊತೆ ಪಾಲು ನಮೂದಾಗಿದೆಯೇ, ಹಣ ಯಾರ ಖಾತೆಯಿಂದ ಹೋಗಿದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ನೋಂದಾಯಿತ ಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುತ್ತದೆ. ಋಣಭಾರ ಪ್ರಮಾಣಪತ್ರವನ್ನು ಕಾವೇರಿ ಜಾಲತಾಣದ ಮೂಲಕವೂ ಪಡೆಯಬಹುದು. ಖಾತಾದಲ್ಲಿರುವ ಹೆಸರು ತೆರಿಗೆ ಪಾವತಿಗೆ ಸಂಬಂಧಿಸಿದ್ದೇ ಹೊರತು ಒಡೆತನದ ಪುರಾವೆಯಲ್ಲ. ಸಾಲದ ಕಂತುಗಳನ್ನು ಯಾರು ಕಟ್ಟುತ್ತಿದ್ದಾರೆ ಎಂಬುದಕ್ಕೆ ಬ್ಯಾಂಕ್ ವಿವರಪಟ್ಟಿಗಳನ್ನು ಕಾಯ್ದಿಡುವುದು ಅಗತ್ಯ.

ಬದಲಾಯಿಸುವ ಮಾರ್ಗಗಳು

ಹೊಸದಾಗಿ ಕೊಳ್ಳುವವರು ಕ್ರಯಪತ್ರದಲ್ಲೇ ಪಾಲನ್ನು ಸ್ಪಷ್ಟವಾಗಿ ಬರೆಸುವುದು ಉತ್ತಮ. ಈಗಾಗಲೇ ಕೊಂಡವರು ದಾನಪತ್ರ ಅಥವಾ ಹಕ್ಕು ಬಿಡುಗಡೆ ಪತ್ರದ ಮೂಲಕ ಪಾಲನ್ನು ಬದಲಾಯಿಸಬಹುದು. ಎರಡಕ್ಕೂ ನೋಂದಣಿ ಕಡ್ಡಾಯ. ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ಕರ್ನಾಟಕದಲ್ಲಿ ಕುಟುಂಬ ಸದಸ್ಯರ ನಡುವಿನ ಇಂಥ ಪತ್ರಗಳಿಗೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ಮನೆ ಅಡಮಾನದಲ್ಲಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

ಪಾಲನ್ನು ಬದಲಿಸದೆಯೂ ಉದ್ದೇಶ ಸಾಧಿಸುವ ಸುಲಭ ದಾರಿ ಉಯಿಲು. ಪತಿ, ಪತ್ನಿ ಇಬ್ಬರೂ ತಮ್ಮ ಪಾಲಿನ ಬಗ್ಗೆ ಪ್ರತ್ಯೇಕ ಉಯಿಲು ಬರೆದು ಇಬ್ಬರು ಸಾಕ್ಷಿಗಳಿಂದ ಸಹಿ ಮಾಡಿಸಬಹುದು. ನೋಂದಣಿ ಐಚ್ಛಿಕ, ಆದರೆ ಮಾಡಿಸುವುದು ಕ್ಷೇಮ. ವೃದ್ಧ ತಾಯಿಗೆ ಜೀವಿತಾವಧಿಯವರೆಗೆ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದರಲ್ಲೇ ಬರೆದರೆ ಯಾರಿಗೂ ಅನ್ಯಾಯವಾಗದು.

ತೆರಿಗೆಯ ಲೆಕ್ಕ

ಪತ್ನಿಗೆ ಪಾಲು ದಾನ ಕೊಟ್ಟರೆ ಪಡೆದವರಿಗೆ ಆದಾಯ ತೆರಿಗೆ ಬರುವುದಿಲ್ಲ. ಆದರೆ ಆ ಪಾಲಿನ ಬಾಡಿಗೆ ಕೊಟ್ಟವರ ಆದಾಯಕ್ಕೇ ಸೇರುತ್ತದೆ. 1961ರ ಕಾಯಿದೆಯ ಈ ನಿಯಮವನ್ನು, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯಿದೆಯೂ ಉಳಿಸಿಕೊಂಡಿದೆ. ಆದ್ದರಿಂದ ತೆರಿಗೆ ಉಳಿಸುವುದಕ್ಕೆಂದೇ ಪಾಲು ಬದಲಿಸುವುದರಲ್ಲಿ ಅರ್ಥವಿಲ್ಲ.

ಸಾಲಗಾರರ ಭಯದಿಂದ ಬೇಡ

ಪಾಲುದಾರಿಕೆ ಸಂಸ್ಥೆಯ ಸಾಲಕ್ಕೆ ಪಾಲುದಾರನ ಸ್ವಂತ ಆಸ್ತಿಯೂ ಹೊಣೆ. ವೈಯಕ್ತಿಕ ಜಾಮೀನು ಕೊಟ್ಟವರ ಸ್ಥಿತಿಯೂ ಅದೇ. ವ್ಯವಹಾರ ಕುಸಿಯುವ ಹೊತ್ತಿನಲ್ಲಿ ಮನೆಯನ್ನು ಪತ್ನಿಯ ಹೆಸರಿಗೆ ಮಾಡಿದರೆ, ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶವಿತ್ತೆಂಬ ಕಾರಣಕ್ಕೆ 53ನೇ ಕಲಮಿನಡಿ ಆ ವರ್ಗಾವಣೆ ರದ್ದಾಗಬಹುದು. ಪತ್ನಿಯು ಸ್ವಂತ ಹಣ ಹೂಡಿ ಪಡೆದ, ದಾಖಲೆಯಿರುವ ಪಾಲಿಗೆ ಮಾತ್ರ, ಅವರೂ ಸಾಲಕ್ಕೆ ಸಹಿ ಹಾಕಿಲ್ಲದಿದ್ದರೆ, ನಿಜವಾದ ರಕ್ಷಣೆಯುಂಟು.

ಅಂಗಡಿಯ ದಾಸ್ತಾನನ್ನು ವರ್ಷಕ್ಕೊಮ್ಮೆ ಎಣಿಸುವ ವರ್ತಕರು ಮನೆಯ ಪತ್ರವನ್ನೂ ಒಮ್ಮೆ ತೆರೆದು ನೋಡುವುದು ಒಳಿತು. ವ್ಯವಹಾರ ಸುಸ್ಥಿತಿಯಲ್ಲಿರುವಾಗ, ದಂಪತಿಗಳಿಬ್ಬರೂ ಆರೋಗ್ಯವಾಗಿರುವಾಗ ಮಾಡಿಸಿದ ಪತ್ರಕ್ಕೆ ತಕರಾರು ಕಡಿಮೆ.