ಸಾವಿರ ಟನ್ ಸರಿಯಿತು, ಮೂರು ಕಲ್ಲು ಸರಿಯದೇ?



ನಮ್ಮೂರಿಗೆ ಬರುವ ದಾರಿಯಲ್ಲಿ ಹುಣಸೆಮರದ ಪಕ್ಕ ಮೂರು ಕಲ್ಲು ಇರುವುದು ನಿಮಗೆಲ್ಲ ಗೊತ್ತು. ಎರಡು ಕಲ್ಲು ನಿಂತಿವೆ, ಒಂದು ಅವುಗಳ ಮೇಲೆ ಅಡ್ಡ ಮಲಗಿದೆ. ಅದನ್ನು ಹತ್ತಿ ನಾವೆಲ್ಲ ಆಡಿದ್ದೇವೆ. ಅದು ಅಲ್ಲಿ ಯಾಕಿದೆ ಅಂತ ಮಾತ್ರ ಕೇಳಿರಲಿಲ್ಲ. ರಸ್ತೆ ಅಗಲ ಮಾಡಲು ಅದರ ಮೇಲೆ ಸುಣ್ಣದ ಗುರುತು ಹಾಕಿದ ದಿನ ನಾನು ಅಜ್ಜಿಯನ್ನು ಕೇಳಿದೆ.

"ಅದು ಹೊರೆಗಲ್ಲು ಕಣ್ ಮಗಾ. ನಿಮ್ಮ ತಾತನೂ ಅದ್ರ ಮ್ಯಾಲೆ ರಾಗಿ ಮೂಟೆ ಇಳಿಸವ್ರೆ" ಅಂದರು.

ಬಸ್ಸಿಲ್ಲದ ಕಾಲದಲ್ಲಿ ಜನ ತಲೆಯ ಮೇಲೆ ಹೊರೆ ಹೊತ್ತು ಸಂತೆಗೆ ನಡೆಯುತ್ತಿದ್ದರು. ದಣಿವಾಗಿ ಹೊರೆಯನ್ನು ನೆಲಕ್ಕೆ ಇಳಿಸಿದರೆ ಮತ್ತೆ ತಲೆಗೆ ಏರಿಸಲು ಇನ್ನೊಬ್ಬರು ಕೈ ಕೊಡಬೇಕು. ಒಂಟಿಯಾಗಿ ಬಂದವರು ಏನು ಮಾಡಬೇಕು? ಅದಕ್ಕೇ ಎದೆಮಟ್ಟಕ್ಕೆ ಕಲ್ಲು ನಿಲ್ಲಿಸಿದರು. ಹೊರೆಯನ್ನು ಅದರ ಮೇಲೆ ಜಾರಿಸಿ ಸುಧಾರಿಸಿಕೊಂಡು, ತಲೆ ಕೊಟ್ಟು ಮತ್ತೆ ಹೊತ್ತುಕೊಳ್ಳಬಹುದು. ತಮಿಳುನಾಡಿನಲ್ಲೂ ಇಂಥ ಕಲ್ಲುಗಳಿವೆ, ಅಲ್ಲಿ ಸುಮೈತಾಂಗಿ ಅನ್ನುತ್ತಾರೆ.

ಇದನ್ನು ಉಳಿಸಲು ಕಾನೂನು ಇಲ್ಲವೇ? ಪ್ರಾಚೀನ ಸ್ಮಾರಕಗಳಿಗೆ ಕೇಂದ್ರದ ೧೯೫೮ರ ಕಾಯಿದೆ ಇದೆ, ನಮ್ಮ ರಾಜ್ಯದ ೧೯೬೧ರ ಕಾಯಿದೆಯೂ ಇದೆ. ಆದರೆ ಸರ್ಕಾರ 'ಸಂರಕ್ಷಿತ' ಎಂದು ಘೋಷಿಸಿದ ಸ್ಮಾರಕಗಳಿಗೆ ಸಿಗುವ ರಕ್ಷಣೆ ನಮ್ಮ ಮೂರು ಕಲ್ಲಿಗೆ ಸಿಗುವುದಿಲ್ಲ. ಅದಕ್ಕೆ ನಾವೇ ದಿಕ್ಕು.

ಹಾಗಾದರೆ ರಸ್ತೆ ಬೇಡವೇ? ಖಂಡಿತ ಬೇಕು. ಎರಡೂ ಉಳಿಯಲು ದಾರಿ ಇದೆ. ಶ್ರೀರಂಗಪಟ್ಟಣದ ಕಥೆ ಕೇಳಿ.

ಬೆಂಗಳೂರು-ಮೈಸೂರು ರೈಲು ಹಳಿಯನ್ನು ಜೋಡಿ ಮಾಡುವಾಗ ಅಲ್ಲಿ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರ ಅಡ್ಡ ಬಂತು. ಇಟ್ಟಿಗೆ, ಗಾರೆಯ ಕಟ್ಟಡ. ತೂಕ ಸುಮಾರು ೧೦೦೦ ಟನ್. ಅದನ್ನು ಒಡೆಯಲಿಲ್ಲ. ೨೦೧೭ರಲ್ಲಿ ಇಡೀ ಕಟ್ಟಡವನ್ನೇ ನೂರು ಮೀಟರಿನಷ್ಟು ಆಚೆಗೆ ಸರಿಸಿದರು!

ಹೇಗೆ? ಸುತ್ತಲ ಮಣ್ಣು ತೆಗೆದು, ಕಟ್ಟಡದ ಅಡಿಗೆ ಉಕ್ಕಿನ ತೊಲೆಗಳನ್ನು ಕೊಟ್ಟರು. ಆಮೇಲೆ ಜಾಕಿಗಳಿಂದ ಎತ್ತಿದರು. ಲಾರಿ ಪಂಕ್ಚರ್ ಆದಾಗ ಜಾಕಿ ಕೊಡುತ್ತಾರಲ್ಲ, ಅದೇ ಕೆಲಸ, ದೊಡ್ಡ ಪ್ರಮಾಣದಲ್ಲಿ. ಎಲ್ಲ ಜಾಕಿಗಳೂ ಒಂದೇ ಸಮ ಏಳಬೇಕು. ಒಂದು ಮೂಲೆ ಹೆಚ್ಚು ಎದ್ದರೂ ಹಳೇ ಗಾರೆ ಗೋಡೆ ಬಿರುಕು ಬಿಡುತ್ತದೆ. ಹೀಗೆ ಎತ್ತಿ, ನಿಧಾನವಾಗಿ ಸರಿಸಿ ಹೊಸ ಜಾಗದಲ್ಲಿ ಕೂರಿಸಿದರು. ರೈಲಿಗೂ ದಾರಿಯಾಯಿತು, ಇತಿಹಾಸವೂ ಉಳಿಯಿತು.

ಆದರೆ ಒಂದು ಮಾತು. ಸರಿಸುವುದು ಕೊನೆಯ ಉಪಾಯ. ಹೊರೆಗಲ್ಲು ದಾರಿ ಬದಿಯಲ್ಲಿದ್ದರೇನೇ ಅದಕ್ಕೆ ಅರ್ಥ. ಅದನ್ನು ಯಾವುದೋ ಕಚೇರಿಯ ತೋಟಕ್ಕೆ ಸಾಗಿಸಿದರೆ ಬರೀ ಕಲ್ಲಾಗುತ್ತದೆ. ಆದ್ದರಿಂದ ಮೊದಲು ರಸ್ತೆಯನ್ನೇ ಸ್ವಲ್ಪ ಬಾಗಿಸಲು ಆಗುತ್ತದಾ ನೋಡಬೇಕು. ಆಗದಿದ್ದರೆ ಅದೇ ದಾರಿಯ ಅಂಚಿಗೆ ಹತ್ತು ಅಡಿ ಸರಿಸಿದರೆ ಸಾಕು. ತೆಗೆಯುವ ಮುಂಚೆ ಕಲ್ಲುಗಳಿಗೆ ನಂಬರ್ ಹಾಕಿ, ಅಳತೆ ಬರೆದು, ಫೋಟೋ ತೆಗೆದಿಡಬೇಕು. ಎಷ್ಟು ಆಳ ಹೂತಿದೆಯೋ ಅಷ್ಟೇ ಆಳಕ್ಕೆ ಮತ್ತೆ ನಿಲ್ಲಿಸಬೇಕು.

ಅಳತೆಯ ಕೆಲಸ ನಾವು ಮುಗಿಸಿದ್ದೇವೆ. ನೆಲದಿಂದ ಎತ್ತರ ನಾಲ್ಕೂವರೆ ಅಡಿ, ಅಡ್ಡಗಲ್ಲಿನ ಉದ್ದ ಆರು ಅಡಿ.

ಪರಂಪರೆಯನ್ನು ಕಾಪಾಡುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಅಂತ ಸಂವಿಧಾನದ ೫೧ಎ ವಿಧಿಯಲ್ಲಿದೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೇವೆ. ಈಗ ಮಾಡಿ ತೋರಿಸೋಣ. ಮುಂದಿನ ಗ್ರಾಮಸಭೆಗೆ ಕೊಡುವ ಅರ್ಜಿ ಸಮಾಜ ಮೇಷ್ಟ್ರ ಹತ್ತಿರ ಇದೆ. ಓದಿ ನೋಡಿ. ಒಪ್ಪಿಗೆಯಾದರೆ ಸಹಿ ಹಾಕಿ, ಮನೆಯ ದೊಡ್ಡವರಿಂದಲೂ ಹಾಕಿಸಿ.

ಇಷ್ಟು ಕಾಲ ನಮ್ಮೂರಿನವರ ಹೊರೆ ಹೊತ್ತ ಕಲ್ಲು ಅದು. ಈಗ ಅದರ ಹೊಣೆ ನಾವು ಹೊರೋಣ.

— ೯ನೇ ತರಗತಿಯ ವಿದ್ಯಾರ್ಥಿನಿ